ಕಾಮಿಕ್ಸ್ ಓದಲು ಎಲ್ಲಿಂದ ಶುರು ಮಾಡಲಿ? ಕಾಸರಗೋಡಿನ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕದ ಕಡೆಯ ನಮ್ಮ ಊರ ಗ್ರಂಥಾಲಯದಲ್ಲಿ ಕಾಮಿಕ್ಸಿಗೆ ಅಂತಲೇ ಒಂದು ಕಪಾಟಿದೆ. ಅದರ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಹಾಗಾಗಿ ಪ್ರಶ್ನೆಗಳೂ ನನ್ನ ಹತ್ತಿರವೇ ಬರುತ್ತವೆ. ಪುಸ್ತಕ ವಾಪಸು ಕೊಡುವಾಗ, ಬಸ್ಸಿಗೆ ಕಾಯುವಾಗ, ಮದುವೆ ಊಟದ ಪಂಕ್ತಿಯಲ್ಲಿ ಕೂತಾಗ ಜನ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವರು ಚೀಟಿಯಲ್ಲಿ ಬರೆದೂ ಕೊಟ್ಟಿದ್ದಾರೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ.

## ಮೊದಲ ಸಲ ಓದುವವರಿಗೆ

ಕಾಮಿಕ್ಸ್ ಅಂದ್ರೆ ಮಕ್ಕಳದ್ದಲ್ವಾ? ನನಗೆ ನಲ್ವತ್ತು ದಾಟಿತು. ಈಗ ಶುರು ಮಾಡಿದ್ರೆ ಜನ ನಗಾಡ್ತಾರಾ?

ನಗಾಡಲಿ ಬಿಡಿ. ನಾವಿರುವ ಕೇರಳದಲ್ಲೇ 1961ರಿಂದ 1973ರ ತನಕ ಮಾತೃಭೂಮಿ ವಾರಪತ್ರಿಕೆಯಲ್ಲಿ ದೊಡ್ಡವರಿಗಾಗಿ ಒಂದು ಚಿತ್ರಸರಣಿ ಬರುತ್ತಿತ್ತು. ಮುಂದೆ ಸಿನಿಮಾ ನಿರ್ದೇಶಕರಾಗಿ ಹೆಸರು ಮಾಡಿದ ಜಿ. ಅರವಿಂದನ್ ಬರೆದು ಬಿಡಿಸಿದ 'ಚೆರಿಯ ಮನುಷ್ಯರುಂ ವಲಿಯ ಲೋಕವುಂ'. ಅದರಲ್ಲಿ ರಾಮು ಅಂತ ಒಬ್ಬ ಕೆಲಸವಿಲ್ಲದ ಹುಡುಗ ಇದ್ದಾನೆ. ವರ್ಷ ಹೋದ ಹಾಗೆ ಅವನಿಗೂ ಪ್ರಾಯ ಆಗುತ್ತದೆ, ಹಣ ಬರುತ್ತದೆ, ಮನುಷ್ಯ ಬದಲಾಗುತ್ತಾನೆ. ಅದರಲ್ಲಿ ಮಕ್ಕಳಿಗೆ ಅಂತ ಏನೂ ಇಲ್ಲ. ಅಮೆರಿಕದ ಆರ್ಟ್ ಸ್ಪೀಗಲ್‌ಮನ್ ತನ್ನ ಅಪ್ಪ ನಾಜಿಗಳ ಕೈಯಿಂದ ಬದುಕಿ ಬಂದದ್ದನ್ನು 'ಮೌಸ್' ಅನ್ನುವ ಚಿತ್ರಕಥೆಯಲ್ಲಿ ಹೇಳಿದರು. ಅದಕ್ಕೆ 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಬಂತು. ಕಾಮಿಕ್ಸ್ ಅನ್ನುವುದು ಕಥೆ ಹೇಳುವ ಒಂದು ದಾರಿ. ಆ ದಾರಿಯಲ್ಲಿ ಮಕ್ಕಳೂ ಹೋಗುತ್ತಾರೆ, ನಾವೂ ಹೋಗಬಹುದು.

ಇಷ್ಟೆಲ್ಲ ಬೇಡ. ಒಂದೇ ಒಂದು ಪುಸ್ತಕ ಹೇಳಿ.

'ಟಿನ್‌ಟಿನ್ ಇನ್ ಟಿಬೆಟ್'.

ಯಾಕೆ ಅಂತ ಕೇಳಿದರೆ: ಒಂದೇ ಪುಸ್ತಕದಲ್ಲಿ ಶುರುವಾಗಿ ಅದರಲ್ಲೇ ಮುಗಿಯುತ್ತದೆ. ಖಳನಾಯಕ ಅಂತ ಯಾರೂ ಇಲ್ಲ. ವಿಮಾನ ಬಿದ್ದ ಜಾಗದಲ್ಲಿ ಗೆಳೆಯ ಬದುಕಿದ್ದಾನೆ ಅಂತ ಟಿನ್‌ಟಿನ್ ಅನ್ನುವ ಹುಡುಗನಿಗೆ ಅನಿಸುತ್ತದೆ, ಬೇರೆ ಯಾರೂ ನಂಬುವುದಿಲ್ಲ, ಅವನು ಹೊರಡುತ್ತಾನೆ. ಅಷ್ಟೇ ಕಥೆ. ನಡುವೆ ದೆಹಲಿಯ ಕುತುಬ್ ಮಿನಾರೂ ಬರುತ್ತದೆ, ಬೀದಿಗೆ ಅಡ್ಡ ಮಲಗಿದ ದನವೂ ಬರುತ್ತದೆ. ಇಂಗ್ಲಿಷ್ ಸುಲಭ. ಅರ್ಥವಾಗದ ಪದ ಬಂದರೂ ಚಿತ್ರ ಕೈಬಿಡುವುದಿಲ್ಲ.

ಕನ್ನಡದಲ್ಲೇ ಓದ್ಬೇಕು ಅಂತ ಆಸೆ. ಏನಾದ್ರೂ ಉಂಟಾ?

ಉಂಟು. ಆದರೆ ಹೆಚ್ಚಿನದು ಹಳೆಯದು, ಹುಡುಕಬೇಕು.

ಅಮರ ಚಿತ್ರ ಕಥೆಯಿಂದ ಶುರು ಮಾಡಿ. ಅದರ ಬೇರು ಕನ್ನಡದಲ್ಲೇ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಈ ಹೆಸರಿನಲ್ಲಿ ಮೊದಲ ಪುಸ್ತಕಗಳನ್ನು ಕನ್ನಡದಲ್ಲಿ ತಂದರು. ಅವು ಸಿಂಡ್ರೆಲ್ಲಾದಂಥ ಪಾಶ್ಚಾತ್ಯ ಕಥೆಗಳು. 1967ರಿಂದ ಅನಂತ ಪೈ ಅದನ್ನು ಪುರಾಣ, ಇತಿಹಾಸಗಳ ಕಡೆಗೆ ತಿರುಗಿಸಿದರು. ಅವರು ತಂದ ಮೊದಲ ಪುಸ್ತಕ 'ಕೃಷ್ಣ'ದ ಮೇಲೆ ಒಂದರ ಬದಲು 11 ಅಂತ ನಂಬರ್ ಇದ್ದದ್ದು ಮೊದಲಿನ ಆ ಹತ್ತು ಪುಸ್ತಕಗಳಿಂದಾಗಿ. ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ದೂರದವರೇನೂ ಅಲ್ಲ.

ಆಮೇಲೆ ಬಾಲಮಂಗಳ. ಕೊಟ್ಟಾಯಂ ಕಡೆಯ ಮಲಯಾಳ ಪತ್ರಿಕೆಯ ಕನ್ನಡ ರೂಪ ಅದು. ಮೂವತ್ತು ದಾಟಿದವರ ಮುಂದೆ 'ಡಿಂಗ' ಅಂತ ಹೇಳಿ ನೋಡಿ, ಮುಖ ಅರಳುತ್ತದೆ. ಬೇರೆ ಗ್ರಹದವರು ಹಿಡಿದುಕೊಂಡು ಹೋಗಿ ಪ್ರಯೋಗ ಮಾಡಿದ ಮೇಲೆ ಶಕ್ತಿ ಬಂದ ಇಲಿ ಅವನು. ಮಲಯಾಳದಲ್ಲಿ ಅವನ ಹೆಸರು ಡಿಂಗನ್. ಅಲ್ಲಿ ಕೆಲವರು ತಮಾಷೆಗೆ ಅವನನ್ನೇ ದೇವರು ಮಾಡಿ ಡಿಂಗ ಮತ ಅಂತ ಒಂದನ್ನು ಕಟ್ಟಿದ್ದಾರೆ. ಈಗ ಬಾಲಮಂಗಳ ಅಂಗಡಿಯಲ್ಲಿ ಸಿಗುವುದಿಲ್ಲ. ಅಜ್ಜಿಮನೆಯ ಅಟ್ಟ ನೋಡಿ. ಫ್ಯಾಂಟಮ್, ಮಾಂಡ್ರೇಕ್ ಕಥೆಗಳ ಇಂದ್ರಜಾಲ ಕಾಮಿಕ್ಸ್ ಕೂಡ ಕನ್ನಡದಲ್ಲಿ ಬಂದಿತ್ತು. 1964ರಲ್ಲಿ ಶುರುವಾದ ಆ ಮಾಲೆ 1990ರಲ್ಲಿ ನಿಂತಿತು.

ಚಂದಮಾಮದ ಬಗ್ಗೆಯೂ ಕೇಳುತ್ತಾರೆ. ಚಂದಮಾಮ ನನಗೂ ಪ್ರಾಣ. ಆದರೆ ಅದು ಚಿತ್ರ ಇರುವ ಕಥೆ. ಕಾಮಿಕ್ಸಿನಲ್ಲಿ ಚಿತ್ರವೇ ಕಥೆ ಹೇಳಬೇಕು.

ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಅಷ್ಟು ಬರುದಿಲ್ಲ. ಮಲಯಾಳ ಕಾಮಿಕ್ಸ್ ನನಗೆ ಆಗ್ತದಾ?

ನಿಮಗಾಗಿಯೇ ಇದೆ ಅಂತ ಹೇಳುತ್ತೇನೆ. ನಾನು ಕನ್ನಡ ಮಾಧ್ಯಮದವನು. ಮಲಯಾಳ ಅಕ್ಷರ ಕಲಿತದ್ದು ಶಾಲೆಯಲ್ಲಲ್ಲ, ಕ್ಷೌರದಂಗಡಿಯ ಬೆಂಚಿನ ಮೇಲೆ, ಬಾಲರಮ ಅನ್ನುವ ಮಕ್ಕಳ ಪತ್ರಿಕೆ ಓದಿ. ಬಸ್ಸಿನ ಬೋರ್ಡು ಓದಿ ಕಲಿತವರು ತುಂಬ ಜನ ಇದ್ದಾರೆ. ಆದರೆ ಬೋರ್ಡಿನಲ್ಲಿ ಊರಿನ ಹೆಸರು ಮಾತ್ರ ಇರುತ್ತದೆ. ಬಾಲರಮದಲ್ಲಿ ಮಾತು ಇರುತ್ತದೆ. ಈಟಿಯ ಮೇಲೆ ಹಾರುವ ಲುಟ್ಟಾಪಿ ಏನು ಹೇಳಿದ ಅಂತ ತಿಳಿಯಲೇಬೇಕಲ್ಲ? ಅಕ್ಷರ ಗೊತ್ತಾಗದಿದ್ದರೆ ಅವನ ಮುಖ ನೋಡುವುದು, ಊಹಿಸುವುದು, ಮತ್ತೆ ಅಕ್ಷರಕ್ಕೆ ಬರುವುದು. ಅಕ್ಷರಮಾಲೆಯ ಕ್ರಮ ನಮ್ಮದೇ. ಮಾತು ಕಿವಿಗೆ ಗೊತ್ತಿರುವುದೇ. ಕಣ್ಣಿಗೆ ಸ್ವಲ್ಪ ಅಭ್ಯಾಸ ಆಗಬೇಕು, ಅಷ್ಟೇ.

ಮೊದಲು ಬಾಲರಮದ 'ಮಾಯಾವಿ' ಓದಿ. ಪುಟಕ್ಕೆ ಕೆಲವೇ ಚಿತ್ರದ ಚೌಕ, ಸಣ್ಣ ಮಾತು. ರಾಜು, ರಾಧಾ ಅನ್ನುವ ಇಬ್ಬರು ಮಕ್ಕಳಿಗೆ ನೆರವಾಗುವ ಒಳ್ಳೆಯ ಕುಟ್ಟಿಚ್ಚಾತ್ತನ್, ಅಂದರೆ ಪುಟ್ಟ ಭೂತ, ಅವನು. ಆಮೇಲೆ ಟಾಮ್ಸ್ ಅವರ 'ಬೋಬನುಂ ಮೋಳಿಯುಂ'. ಮನೋರಮ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಬರುತ್ತಿದ್ದ ಆ ಇಬ್ಬರು ತುಂಟರಿಗಾಗಿ ಜನ ಪತ್ರಿಕೆಯನ್ನೇ ಹಿಂದಿನಿಂದ ಓದುತ್ತಿದ್ದರಂತೆ. ಅದರ ಭಾಷೆ ತೆಂಕಣ ಕೇರಳದ್ದು. ನಮ್ಮ ಕಾಸರಗೋಡು ಮಲಯಾಳ ಮಾತ್ರ ಗೊತ್ತಿದ್ದವರಿಗೆ ಕೆಲವು ಪದ ಹೊಸತು ಅನಿಸಬಹುದು. ಅರವಿಂದನ್ ಅವರನ್ನು ಕೊನೆಗೆ ಇಟ್ಟುಕೊಳ್ಳಿ. ಅವರ ಕೈಬರಹಕ್ಕೆ ತಾಳ್ಮೆ ಬೇಕು.

ಮಾಷೇ, ಚೌಕಗಳನ್ನು ಯಾವ ಸಾಲಿಂದ ಓದೋದು? ನನಗೆ ಮಾತು ಹಿಂದೆ ಮುಂದೆ ಆಗ್ತದೆ.

ನಾಚಿಕೆ ಪಡಬೇಡಿ, ದೊಡ್ಡವರಾದ ಮೇಲೆ ಶುರು ಮಾಡಿದ ಬಹಳ ಜನಕ್ಕೆ ಹಾಗಾಗುತ್ತದೆ. ಎಡದಿಂದ ಬಲಕ್ಕೆ, ಆಮೇಲೆ ಕೆಳಗಿನ ಸಾಲು. ಮಾತು ಬರೆದಿರುವ ಆವರಣಕ್ಕೆ ಗುಳ್ಳೆ ಅನ್ನುತ್ತೇವೆ. ಒಂದು ಚೌಕದ ಒಳಗೆ ಮೇಲಿರುವ ಗುಳ್ಳೆ ಮೊದಲು. ಎರಡೂ ಒಂದೇ ಎತ್ತರದಲ್ಲಿದ್ದರೆ ಎಡಗಡೆಯದು ಮೊದಲು. ಮೋಡದಂಥ ಗುಳ್ಳೆ ಮನಸ್ಸಿನ ಮಾತು, ಮೊನೆಮೊನೆ ಇದ್ದರೆ ಕಿರುಚಾಟ. ಚೌಕಾಕಾರದ ಪಟ್ಟಿಯಲ್ಲಿರುವುದು ಹೆಚ್ಚಾಗಿ ಕಥೆ ಹೇಳುವವನ ಮಾತು. ನಮ್ಮ ಭಾಗವತರ ಹಾಗೆ ಅಂತ ಇಟ್ಟುಕೊಳ್ಳಿ.

## ಸ್ವಲ್ಪ ರುಚಿ ಹತ್ತಿದ ಮೇಲೆ

ಬ್ಯಾಟ್‌ಮ್ಯಾನ್ ಓದ್ಬೇಕು. ಆದ್ರೆ ಎಂಬತ್ತು ವರ್ಷದ ಕಥೆ ಅಂತೆ. ಒಂದನೇ ನಂಬರಿಂದ ಓದ್ಬೇಕಾ?

ಈ ಪ್ರಶ್ನೆಗೆ ಹೆದರಿ ಓದುವುದನ್ನೇ ಬಿಟ್ಟವರು ತುಂಬ. ನನ್ನ ಉತ್ತರ ಒಂದು ಮರುಪ್ರಶ್ನೆ. ನೀವು ಮೊದಲ ಬಯಲಾಟ ನೋಡಿದ್ದು ಆದಿಪರ್ವದಿಂದಲಾ?

ಅಲ್ಲ. ಅಪ್ಪನ ಹೆಗಲ ಮೇಲೆ ನಿದ್ದೆಗಣ್ಣಲ್ಲಿ ಹೋಗಿದ್ದಿರಿ. ರಂಗಸ್ಥಳದಲ್ಲಿ ಆಗಲೇ ಯಾರೋ ಯಾರನ್ನೋ ಕೊಲ್ಲಲು ಹೊರಟಿದ್ದರು. ಅದು ಕರ್ಣ ಅಂತ ಪಕ್ಕದವರು ಹೇಳಿದರು. ಅಷ್ಟು ಸಾಕಾಯಿತು. ಮುಂದೆ ಇನ್ನೊಂದು ಆಟದಲ್ಲಿ ಕರ್ಣನ ಹುಟ್ಟು ಗೊತ್ತಾಯಿತು, ಮತ್ತೊಂದರಲ್ಲಿ ಶಾಪ. ತುಂಡು ತುಂಡಾಗಿ ನೋಡಿದ್ದು ತಲೆಯೊಳಗೆ ತಾನೇ ಜೋಡಿಸಿಕೊಂಡಿತು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬ ರಾಮಾಯಣವನ್ನು ಒಂದೊಂದು ರಾತ್ರಿಯ ಪ್ರಸಂಗಗಳಾಗಿ ಬರೆದದ್ದೂ ಅದಕ್ಕೇ ಅಲ್ವಾ?

ಬ್ಯಾಟ್‌ಮ್ಯಾನ್ ಕೂಡ ಹಾಗೆಯೇ. 1939ರಲ್ಲಿ 'ಡಿಟೆಕ್ಟಿವ್ ಕಾಮಿಕ್ಸ್' 27ನೇ ಸಂಚಿಕೆಯಲ್ಲಿ ಅವನು ಬಂದ. ಆಮೇಲೆ ನೂರಾರು ಜನ ಅವನ ವೇಷ ಕಟ್ಟಿದ್ದಾರೆ. ಒಬ್ಬರ ಕರ್ಣ ಅಳುತ್ತಾನೆ, ಇನ್ನೊಬ್ಬರ ಕರ್ಣ ವಾದ ಮಾಡುತ್ತಾನೆ. ಹಾಗಾಗಿ ಪಾತ್ರ ಹುಡುಕಬೇಡಿ, ಪ್ರಸಂಗ ಹುಡುಕಿ. ಮೊದಲ ಪ್ರಸಂಗವಾಗಿ 'ಬ್ಯಾಟ್‌ಮ್ಯಾನ್: ಇಯರ್ ಒನ್' ಒಳ್ಳೆಯದು. ಫ್ರಾಂಕ್ ಮಿಲ್ಲರ್ ಬರೆದು ಡೇವಿಡ್ ಮಝುಕೆಲ್ಲಿ ಬಿಡಿಸಿದ್ದು. 1987ರಲ್ಲಿ 'ಬ್ಯಾಟ್‌ಮ್ಯಾನ್' ಪತ್ರಿಕೆಯ 404ರಿಂದ 407ರ ತನಕ ನಾಲ್ಕೇ ಸಂಚಿಕೆಯಲ್ಲಿ ಬಂತು, ಈಗ ಒಂದೇ ಪುಸ್ತಕವಾಗಿ ಸಿಗುತ್ತದೆ. ನಂಬರ್ ನೋಡಿ, 404. ಅದರ ಹಿಂದಿನ 403 ಓದದಿದ್ದರೂ ಏನೂ ತೊಂದರೆ ಇಲ್ಲ.

ಇನ್ನೊಂದು ಮಾತು. ಅಮೆರಿಕದ ಕಂಪೆನಿಗಳು ಆಗಾಗ ಪತ್ರಿಕೆಗೆ ಮತ್ತೆ ಒಂದನೇ ನಂಬರ್ ಹಾಕುತ್ತವೆ. ಮುಖಪುಟದಲ್ಲಿ ಒಂದು ಅಂತ ಇದ್ದರೆ ಕಥೆ ಅಲ್ಲಿಂದಲೇ ಶುರು ಅಂತ ತಿಳಿಯಬೇಡಿ.

ಸಿನಿಮಾ ಎಲ್ಲ ನೋಡಿದ್ದೇನೆ. ಅದೇ ಕಥೆ ಯಾವ ಪುಸ್ತಕದಲ್ಲಿ ಉಂಟು?

ಅದೇ ಕಥೆ ಹೆಚ್ಚಾಗಿ ಇರುವುದಿಲ್ಲ. ಸೂಪರ್‌ಹೀರೋಗಳು ತಮ್ಮೊಳಗೇ ಜಗಳಾಡುವ 'ಸಿವಿಲ್ ವಾರ್' ಹೆಸರಿನ ಕಾಮಿಕ್ಸ್ 2006ರಲ್ಲಿ ಶುರುವಾಯಿತು, ಸಿನಿಮಾ ಬಂದದ್ದು 2016ರಲ್ಲಿ. ಜಗಳದ ಮೂಲ ಒಂದೇ, ಉಳಿದದ್ದು ಬೇರೆ. ಸಿನಿಮಾದಲ್ಲಿ ಇಷ್ಟವಾದ ಪಾತ್ರ ಯಾವುದು ಅಂತ ನೋಡಿ, ಅದರ ಒಂದು ಪೂರ್ತಿ ಕಥೆ ತೆಗೆದುಕೊಳ್ಳಿ. ಹೊಸ ಸ್ಪೈಡರ್‌ಮ್ಯಾನ್ ಆದ ಹುಡುಗ ಮೈಲ್ಸ್ ಮೊರಾಲೆಸ್ ಇಷ್ಟವಾದರೆ 2011ರಲ್ಲಿ ಶುರುವಾದ ಅವನ ಕಥೆ ಓದಿ. 1962ರ ಹಳೆಯ ಸ್ಪೈಡರ್‌ಮ್ಯಾನಿಗೆ ಹೋಗಬೇಕಾಗಿಲ್ಲ.

ಕಾಲೇಜಿಗೆ ಹೋಗುವ ಹುಡುಗಿಯರಿಗೆ ನಾನು 2014ರ 'ಮಿಸ್ ಮಾರ್ವೆಲ್' ಕೊಡುತ್ತೇನೆ. ಕಮಲಾ ಖಾನ್ ಅನ್ನುವ ಹುಡುಗಿ, ನ್ಯೂಜೆರ್ಸಿಯ ಪಾಕಿಸ್ತಾನಿ ಮೂಲದ ಮನೆ. ರಾತ್ರಿ ಹೊರಗೆ ಹೋಗುವುದಕ್ಕೆ ಅಪ್ಪ ಅಮ್ಮನ ಜೊತೆ ಆಗುವ ವಾದ ಓದಿದರೆ ಉಪ್ಪಳದ ಯಾವುದೋ ಮನೆಯ ಜಗಲಿಯಲ್ಲಿ ಕೂತ ಹಾಗೆ ಆಗುತ್ತದೆ. ಆ ಪುಸ್ತಕ ನಮ್ಮ ಕಪಾಟಿನಲ್ಲಿ ನಿಲ್ಲುವುದೇ ಇಲ್ಲ.

ತಮ್ಮ ಮಾಂಗಾ ಮಾಂಗಾ ಅಂತ ಹೇಳ್ತಾನೆ. ಪುಸ್ತಕ ಬಿಡಿಸಿದ್ರೆ ಕೊನೆ ಪುಟ ಮೊದಲು ಬರ್ತದೆ. ಪ್ರಿಂಟ್ ತಪ್ಪಾ?

ತಪ್ಪಲ್ಲ. ಜಪಾನಿನ ಪುಸ್ತಕ ಬಲದಿಂದ ಎಡಕ್ಕೆ. ಚೌಕವೂ ಹಾಗೆ, ಗುಳ್ಳೆಯೂ ಹಾಗೆ. ಮದ್ರಸದಲ್ಲಿ ಬಲದಿಂದ ಎಡಕ್ಕೆ ಅರಬಿ ಓದಿದ ಮಕ್ಕಳು ನಮ್ಮಲ್ಲಿ ಇದನ್ನು ಒಂದೇ ದಿನದಲ್ಲಿ ಹಿಡಿದುಬಿಟ್ಟರು. ಉಳಿದವರಿಗೆ ಒಂದು ವಾರ ಬೇಕಾಯಿತು.

ಆರಿಸುವಾಗ ಉದ್ದ ನೋಡಿ. 'ಒನ್ ಪೀಸ್' 1997ರಲ್ಲಿ ಶುರುವಾಗಿ 100 ಸಂಪುಟ ದಾಟಿದೆ, ಇನ್ನೂ ಮುಗಿದಿಲ್ಲ. ಅದನ್ನು ಕೊಂಡು ಓದುವುದು ಅಂದರೆ ಸಾಲ ಮಾಡಿದ ಹಾಗೆ. 'ಡೆತ್ ನೋಟ್' 12 ಸಂಪುಟಕ್ಕೆ ಮುಗಿಯುತ್ತದೆ. ಆದರೆ ಅದು ಕೊಲೆಯ ಕಥೆ, ಸಣ್ಣ ಮಕ್ಕಳಿಗೆ ಬೇಡ. ನಿಮಗೇ ಓದಬೇಕು ಅಂತಿದ್ದರೆ ಒಸಾಮು ತೆಜುಕಾ ಅವರ 'ಬುದ್ಧ' ನೋಡಿ. ಇಂಗ್ಲಿಷಿನಲ್ಲಿ 8 ಸಂಪುಟ. ಕಪಿಲವಸ್ತು ಗೊತ್ತು, ಸಿದ್ಧಾರ್ಥ ಗೊತ್ತು. ಆದರೆ ಜಪಾನಿನವರೊಬ್ಬರು ಆ ಕಥೆಯನ್ನು ಹೇಗೆ ಕಂಡರು ಅನ್ನುವುದು ಗೊತ್ತಿಲ್ಲ. ಶುರು ಮಾಡಲು ಅದು ಒಳ್ಳೆಯ ಜಾಗ.

ಟಿನ್‌ಟಿನ್, ಆಸ್ಟರಿಕ್ಸ್ ಇವಕ್ಕೆ ಕ್ರಮ ಉಂಟಾ?

ಆಸ್ಟರಿಕ್ಸಿಗೆ ಇಲ್ಲ. ಯಾವುದನ್ನಾದರೂ ಎತ್ತಿಕೊಳ್ಳಿ. ಅದರ ಕಥೆ ಬರೆಯುತ್ತಿದ್ದ ಗೊಸಿನ್ನಿ 1977ರಲ್ಲಿ ತೀರಿಕೊಂಡರು. ಅವರು ಬರೆದ ಮೊದಲಿನ ಪುಸ್ತಕಗಳಲ್ಲಿ ತಮಾಷೆ ಜಾಸ್ತಿ ಅನ್ನುವುದು ನನ್ನ ಲೆಕ್ಕ. ಟಿನ್‌ಟಿನ್‌ನಲ್ಲಿ ಎರಡು ಪುಸ್ತಕ ಸೇರಿ ಒಂದು ಕಥೆ ಆಗುವ ಜೋಡಿಗಳು ಕೆಲವಿವೆ. 'ಸೀಕ್ರೆಟ್ ಆಫ್ ದ ಯೂನಿಕಾರ್ನ್' ಮುಗಿಸಿದ ಕೂಡಲೆ 'ರೆಡ್ ರಾಕಮ್ಸ್ ಟ್ರೆಷರ್' ಕೈಯಲ್ಲಿರಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಮೊಟ್ಟಮೊದಲಿನ ಎರಡನ್ನು, ಅಂದರೆ ಸೋವಿಯತ್ ಮತ್ತು ಕಾಂಗೋ ಕಥೆಗಳನ್ನು, ಕೊನೆಗೆ ಇಡಿ. ಚಿತ್ರ ಇನ್ನೂ ಪಳಗಿಲ್ಲ. ಕಾಂಗೋದಲ್ಲಿ ಆಫ್ರಿಕದ ಜನರನ್ನು ತೋರಿಸಿದ ರೀತಿ ಕೆಟ್ಟದಾಗಿದೆ.

## ಮನೆ, ಹಣ, ಕಪಾಟು

ಮಗಳು ಪಾಠ ಬಿಟ್ಟು ಇದನ್ನೇ ಓದ್ತಾಳೆ. ಕೊಡ್ಬೇಡಿ ಅಂತ ಹೇಳ್ಲಿಕ್ಕೆ ಬಂದೆ.

ಅಕ್ಕ, ಪರೀಕ್ಷೆಯ ವಾರ ನಾನು ಕೊಡುವುದಿಲ್ಲ, ಒಪ್ಪಿದೆ. ಉಳಿದ ದಿನ ಓದಲಿ. ಅವಳ ಜೊತೆ ಒಂದು ಪುಸ್ತಕ ನೀವೂ ಓದಿ. ಯಾವ ವಯಸ್ಸಿಗೆ ಯಾವುದು ಅನ್ನುವುದು ಮುಖಪುಟ ನೋಡಿ ತಿಳಿಯುವುದಿಲ್ಲ, ಒಳಗೆ ನೋಡಲೇಬೇಕು. ಮುದ್ದಾದ ಚಿತ್ರದ ಒಳಗೂ ರಕ್ತ ಇರುತ್ತದೆ. ಹತ್ತು ವರ್ಷದೊಳಗಿನವರಿಗೆ ಟಿಂಕಲ್ ಅನ್ನುವ ಮಕ್ಕಳ ಪತ್ರಿಕೆ ಕೊಟ್ಟರೆ ಯೋಚನೆ ಇಲ್ಲ. 1980ರಿಂದ ಬರುತ್ತಿದೆ. ಸುಪ್ಪಾಂಡಿಯ ಕಥೆ ಒಂದೆರಡು ಪುಟಕ್ಕೇ ಮುಗಿಯುತ್ತದೆ.

ಇಲ್ಲಿ ಎಲ್ಲಿ ಸಿಗ್ತದೆ? ಕೊಂಡು ಓದಿದ್ರೆ ದುಡ್ಡು ತುಂಬ ಆಗ್ತದೆ.

ಮೊದಲು ನಿಮ್ಮ ಊರ ಗ್ರಂಥಾಲಯದ ಕಾರ್ಯದರ್ಶಿಯನ್ನು ಹಿಡಿಯಿರಿ. ಕೇರಳದಲ್ಲಿ ಇರುವುದರ ಒಂದು ಲಾಭ ಇದು. ಲೈಬ್ರರಿ ಕೌನ್ಸಿಲಿಗೆ ಸೇರಿದ ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳಲು ಅನುದಾನ ಬರುತ್ತದೆ. ಯಾರೂ ಕೇಳದಿದ್ದರೆ ಕಾಮಿಕ್ಸ್ ಬರುವುದಿಲ್ಲ. ನಮ್ಮ ಕಪಾಟು ಹುಟ್ಟಿದ್ದು ಆರು ಮಕ್ಕಳು ಸೇರಿ ಬರೆದುಕೊಟ್ಟ ಅರ್ಜಿಯಿಂದ.

ಕೊಳ್ಳುವುದಾದರೆ ಬೆಳಗ್ಗಿನ ರೈಲು ಹಿಡಿದು ಮಂಗಳೂರಿಗೆ ಹೋಗಿ, ಕೈಯಲ್ಲಿ ಹಿಡಿದು ನೋಡಿ ತನ್ನಿ. ಆನ್‌ಲೈನಿನಲ್ಲಿ ತರಿಸುವಾಗ ಸಂಪುಟದ ನಂಬರ್ ಎರಡು ಸಲ ಓದಿ. ನಾನು ಒಮ್ಮೆ ಒಂದನೇ ಸಂಪುಟ ಹೇಳಿ ಎರಡನೆಯದು ಬಂತು. ವಾಪಸು ಕಳಿಸಿದೆ, ಮತ್ತೆ ಎರಡನೆಯದೇ ಬಂತು. ಕೊನೆಗೆ ಎರಡನೆಯದನ್ನೇ ಓದಿದೆ. ಚೆನ್ನಾಗಿತ್ತು.

ಬಿಡಿ ಸಂಚಿಕೆ ಕೊಳ್ಳಬೇಡಿ. ಐದಾರು ಸಂಚಿಕೆ ಸೇರಿಸಿ ಹೊಲಿದ ಸಂಪುಟ ಹೊಸಬರಿಗೆ ಲಾಭ. ಬಹಳ ಸಂಚಿಕೆ ಒಟ್ಟಿಗೇ ಕಟ್ಟಿದ ದಪ್ಪ ಓಮ್ನಿಬಸ್ ಬೇಡವೇ ಬೇಡ, ಎದೆಯ ಮೇಲೆ ಇಟ್ಟು ಓದಲು ಆಗುವುದಿಲ್ಲ.

ವಾಟ್ಸಾಪಲ್ಲಿ ಪಿಡಿಎಫ್ ಬರ್ತದಲ್ಲ, ಅದು ಸಾಕಲ್ವಾ?

ಕದ್ದ ಮಾಲು ಅದು, ನಾನು ಹಂಚುವುದಿಲ್ಲ. ನ್ಯಾಯವಾಗಿಯೇ ಪುಕ್ಕಟೆ ಸಿಗುವುದು ಬೇಕಾದಷ್ಟಿದೆ. ಹಕ್ಕು ಮುಗಿದ ಹಳೆಯ ಅಮೆರಿಕನ್ ಪತ್ರಿಕೆಗಳು 'ಡಿಜಿಟಲ್ ಕಾಮಿಕ್ ಮ್ಯೂಸಿಯಂ'ನಲ್ಲಿವೆ. ಫ್ರಾನ್ಸಿನ ಡೇವಿಡ್ ರೆವಾ 2014ರಿಂದ 'ಪೆಪ್ಪರ್ ಅಂಡ್ ಕ್ಯಾರಟ್' ಅನ್ನುವ ಕಾಮಿಕ್ಸನ್ನು ಉಚಿತವಾಗಿ ಕೊಡುತ್ತಿದ್ದಾರೆ. ಒಬ್ಬಳು ಪುಟ್ಟ ಮಾಟಗಾತಿ, ಅವಳ ಬೆಕ್ಕು. ಫೋನಿನಲ್ಲೂ ಓದಬಹುದು.

ಮಳೆಗಾಲದಲ್ಲಿ ಬೂಷ್ಟು ಹಿಡಿತದೆ, ಏನು ಮಾಡೋದು?

ನುಣುಪು ಹಾಳೆಯ ಪುಸ್ತಕ ಒದ್ದೆಯಾದರೆ ಪುಟಗಳು ಅಂಟಿಕೊಳ್ಳುತ್ತವೆ, ಮತ್ತೆ ಬಿಡಿಸಲಾಗುವುದಿಲ್ಲ. ಗೋಡೆಗೆ ತಾಗಿಸಿ ಇಡಬೇಡಿ. ಬಿಸಿಲು ಬಂದ ದಿನ ಕಪಾಟಿನ ಬಾಗಿಲು ತೆರೆದಿಡಿ, ಆದರೆ ಪುಸ್ತಕವನ್ನು ಅಡಿಕೆಯ ಹಾಗೆ ಅಂಗಳದಲ್ಲಿ ಒಣಗಿಸಬೇಡಿ. ಬಣ್ಣ ಹೋಗುತ್ತದೆ.

## ಇನ್ನೂ ಒಳಗೆ ಹೋಗುವವರಿಗೆ

ಗ್ರಾಫಿಕ್ ನಾವೆಲ್ ಅಂದ್ರೆ ಬೇರೆಯೇ ಜಾತಿಯಾ?

ಜಾತಿ ಅದೇ, ಅಂಗಿ ಬೇರೆ. 1978ರಲ್ಲಿ ವಿಲ್ ಐಸ್ನರ್ ಅವರ ಪುಸ್ತಕದ ಮುಖಪುಟದಲ್ಲಿ ಬಂದ ಮೇಲೆ ಈ ಪದ ಗಟ್ಟಿಯಾಗಿ ನಿಂತಿತು. ಉದ್ದದ, ಗಂಭೀರದ ಕಥೆಗೆ ಹಾಗೆ ಹೇಳುತ್ತಾರೆ. ಇರಾನಿನ ಕ್ರಾಂತಿಯ ಕಾಲದಲ್ಲಿ ಬೆಳೆದ ಹುಡುಗಿಯ ಕಥೆ, ಮರ್ಜಾನೆ ಸತ್ರಾಪಿ ಅವರ 'ಪರ್ಸೆಪೊಲಿಸ್', ಈ ಬಾಗಿಲಿನಿಂದ ಒಳಗೆ ಬರುವವರಿಗೆ ಸರಿ. ಬರೇ ಕಪ್ಪು ಬಿಳುಪು, ತುಂಬ ಸರಳ ಗೆರೆ.

ನಮ್ಮ ದೇಶದ್ದರಲ್ಲಿ ಎರಡು ಹೇಳುತ್ತೇನೆ. ಒರಿಜಿತ್ ಸೇನ್ ಅವರ 'ರಿವರ್ ಆಫ್ ಸ್ಟೋರೀಸ್' 1994ರದ್ದು, ನರ್ಮದೆಯ ಅಣೆಕಟ್ಟು ಮತ್ತು ಅಲ್ಲಿನ ಆದಿವಾಸಿಗಳ ಬಗ್ಗೆ. ಬಹಳ ಕಾಲ ಸಿಗದೆ ಇದ್ದು 2022ರಲ್ಲಿ ಮತ್ತೆ ಅಚ್ಚಾಯಿತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಎಣ್ಮಕಜೆಯ ಕಡೆಯವರಿಗೆ ಈ ಪುಸ್ತಕ ಬೇರೆಯೇ ರೀತಿ ತಟ್ಟುತ್ತದೆ. ಪೆರ್ಲದ ಒಬ್ಬರು ಓದಿ ವಾಪಸು ಕೊಡುವಾಗ ಏನೂ ಹೇಳಲಿಲ್ಲ, ಸುಮ್ನೆ ಇನ್ನೊಂದು ವಾರಕ್ಕೆ ಬರೆಸಿಕೊಂಡು ಹೋದರು.

ಇನ್ನೊಂದು 'ಭೀಮಾಯಣ', 2011. ಅಂಬೇಡ್ಕರ್ ಅವರ ಬದುಕಿನ ಘಟನೆಗಳು. ಚಿತ್ರ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರದ್ದು, ಗೊಂಡ ಕಲೆಯ ಶೈಲಿ. ಅಲ್ಲಿ ಚೌಕಗಳೇ ಇಲ್ಲ. ಕಥೆಯನ್ನು ಪೆಟ್ಟಿಗೆಯೊಳಗೆ ಹಾಕುವುದು ಬೇಡ ಅಂತ ಕಲಾವಿದರು ನಿರ್ಧರಿಸಿದರು. ಕೆಟ್ಟ ಮಾತಿನ ಗುಳ್ಳೆಗೆ ಚೇಳಿನ ಕೊಂಡಿ ಇದೆ, ಒಳ್ಳೆಯ ಮಾತಿನ ಗುಳ್ಳೆ ಹಕ್ಕಿಯ ಆಕಾರದಲ್ಲಿದೆ. ನಾಲ್ಕೈದು ಮಾಮೂಲಿ ಕಾಮಿಕ್ಸ್ ಓದಿದ ಮೇಲೆ ಇದನ್ನು ತೆಗೆದರೆ, ಏನನ್ನು ಮುರಿದಿದ್ದಾರೆ ಅಂತ ಗೊತ್ತಾಗುತ್ತದೆ.

ಅರ್ಧ ಗಂಟೆಯಲ್ಲಿ ಮುಗೀತದೆ. ಇಷ್ಟು ಹಣಕ್ಕೆ ಮೋಸ ಅಲ್ವಾ?

ಅರ್ಧ ಗಂಟೆಯಲ್ಲಿ ನೀವು ಓದಿದ್ದು ಮಾತು. ಇನ್ನೊಮ್ಮೆ ಮಾತು ಬಿಟ್ಟು ನೋಡಿ. ಒಂದು ಚೌಕದಲ್ಲಿ ಕತ್ತಿ ಮೇಲೆ ಇರುತ್ತದೆ, ಮುಂದಿನದರಲ್ಲಿ ತಲೆ ನೆಲದ ಮೇಲೆ. ಕಡಿದದ್ದು ಯಾರು? ಎರಡರ ನಡುವಿನ ಬಿಳಿ ಸಂದಿಯಲ್ಲಿ ನೀವೇ. 1993ರಲ್ಲಿ ಸ್ಕಾಟ್ ಮೆಕ್‌ಕ್ಲೌಡ್ ಈ ಸಂದಿಯ ಬಗ್ಗೆ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್' ಅನ್ನುವ ಪುಸ್ತಕದಲ್ಲಿ ಉದ್ದಕ್ಕೆ ಹೇಳಿದ್ದಾರೆ, ಅದನ್ನೂ ಕಾಮಿಕ್ಸ್ ರೂಪದಲ್ಲೇ. ಶುರುವಿಗೆ ಅದು ಬೇಡ. ಹತ್ತು ಪುಸ್ತಕ ಆದ ಮೇಲೆ ಓದಿ.

ಶಿವಕಾಶಿಯಿಂದ ತಮಿಳಿನಲ್ಲಿ ತಿಂಗಳು ತಿಂಗಳು ಕಾಮಿಕ್ಸ್ ಬರ್ತದಂತೆ. ನಮಗೆ ಯಾಕಿಲ್ಲ?

ಹೊಸೂರಿನಲ್ಲಿರುವ ನನ್ನ ಗೆಳೆಯನೂ ಇದನ್ನೇ ಹೇಳಿ ಹೊಟ್ಟೆ ಉರಿಸುತ್ತಾನೆ. 1972ರ ಮುತ್ತು ಕಾಮಿಕ್ಸ್, 1984ರ ಲಯನ್ ಕಾಮಿಕ್ಸ್ ಇವತ್ತಿಗೂ ನಡೆಯುತ್ತಿವೆ. ಇಟಲಿಯ ಕೌಬಾಯ್ ಟೆಕ್ಸ್ ವಿಲ್ಲರ್ ತಮಿಳು ಮಾತಾಡುತ್ತಾನೆ. ಅಲ್ಲಿ ಮುಂಗಡ ಹಣ ಕಟ್ಟಿ ಕಾಯುವ ಓದುಗರಿದ್ದಾರೆ. ನಮ್ಮಲ್ಲಿ ಅಂಥವರನ್ನು ಒಟ್ಟು ಮಾಡಿದವರಿಲ್ಲ.

ಇನ್ನೊಂದು ಕಷ್ಟ ಕೈ ಹಾಕಿದ ಮೇಲೆ ಗೊತ್ತಾಯಿತು. 'ಪೆಪ್ಪರ್ ಅಂಡ್ ಕ್ಯಾರಟ್' ಅನುವಾದಕ್ಕೆ ಅದರ ಲೈಸೆನ್ಸಿನಲ್ಲೇ ಒಪ್ಪಿಗೆ ಇದೆ, ಮೂಲದವರ ಹೆಸರು ಹಾಕಿದರೆ ಸಾಕು. ಹಾಗಾಗಿ ಒಂದು ರಜೆಯಲ್ಲಿ ಮಕ್ಕಳ ಜೊತೆ ಕೂತು ಕೆಲವು ಪುಟ ಕನ್ನಡಕ್ಕೆ ಮಾಡಿದೆವು. ಗುಳ್ಳೆಗಳು ಇಂಗ್ಲಿಷ್ ಅಕ್ಷರದ ಅಳತೆಯವು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ. 'ಸ್ವಲ್ಪ ನಿಲ್ಲು' ಅನ್ನುವ ಎರಡೇ ಪದದಲ್ಲಿ ಮೂರು ಒತ್ತು. ಸಾಲಿಗೆ ಸಾಲು ತಾಗಿ ಗುಳ್ಳೆ ತುಂಬಿಹೋಗುತ್ತಿತ್ತು. ಒಂದು ಕಡೆ 'ನಾನು ಬರುತ್ತಿದ್ದೇನೆ' ಅಂತ ಹಾಕಬೇಕಿತ್ತು. ಎಷ್ಟು ಸಣ್ಣ ಮಾಡಿ ಬರೆದರೂ ಹಿಡಿಸಲಿಲ್ಲ. ಆರನೇ ಕ್ಲಾಸಿನ ಹುಡುಗಿ ಪೆನ್ಸಿಲ್ ಕಿತ್ತುಕೊಂಡಳು. "ಅಮ್ಮ ಕರೆದ್ರೆ ನಾವು ಹಾಗೆ ಹೇಳುದಾ ಮಾಷೇ?" ಅಂತ ಕೇಳಿ, ಗುಳ್ಳೆಯಲ್ಲಿ 'ಬಂದೆ' ಅಂತ ಬರೆದಳು. ಪಕ್ಕದಲ್ಲಿ ಇನ್ನೂ ಜಾಗ ಉಳಿದಿತ್ತು.